ಸಾಫ್ಟ್ ಕ್ಲೋಸ್ ಡ್ರಾಯರ್: ಅಳತೆ ತಪ್ಪದ ಹಾಗೆ ಕೂರಿಸುವುದು

ಸಾಫ್ಟ್ ಕ್ಲೋಸ್ ಎಂದರೆ ಕೊನೆಗೆ ತಾನಾಗಿ ಮೆತ್ತಗೆ ಮುಚ್ಚಿಕೊಳ್ಳುವ ಡ್ರಾಯರ್. ಮಂಜೇಶ್ವರದಿಂದ ಕಾಸರಗೋಡಿನವರೆಗಿನ ಕರಾವಳಿಯ ಅಡುಗೆಮನೆಗೆ ಮೊದಲ ಆಯ್ಕೆ ಐಎಸ್ 710 (ಭಾರತೀಯ ಮಾನಕ) ಗುರುತಿನ ಮೆರೈನ್ ಪ್ಲೈವುಡ್ ಮತ್ತು ಸ್ಟೇನ್‌ಲೆಸ್ ಸ್ಕ್ರೂ. ಉಪ್ಪುಗಾಳಿಗೆ ಸಾದಾ ಸ್ಕ್ರೂ ತುಕ್ಕು ಹಿಡಿಯುತ್ತದೆ, ಮಳೆಗಾಲದಲ್ಲಿ ಅಗ್ಗದ ಹಲಗೆ ಉಬ್ಬುತ್ತದೆ.

ಪಕ್ಕಕ್ಕೆ ಕೂರುವ ಬಾಲ್‌ಬೇರಿಂಗ್ ಚಾನೆಲ್ (ಡ್ರಾಯರ್ ಜಾರುವ ಲೋಹದ ಹಳಿ) ಸಾಮಾನ್ಯವಾಗಿ ಒಂದು ಬದಿಗೆ ಸುಮಾರು 13 ಮಿ.ಮೀ. ಜಾಗ ಕೇಳುತ್ತದೆ. ಹಾಗಾಗಿ ಕ್ಯಾಬಿನೆಟ್ಟಿನ ಒಳ ಅಗಲದಲ್ಲಿ 26 ಮಿ.ಮೀ. ಕಳೆದು ಡ್ರಾಯರಿನ ಪೆಟ್ಟಿಗೆ ಮಾಡಿ. ಒಳ ಅಗಲವನ್ನು ಮುಂದೆ, ಹಿಂದೆ ಎರಡೂ ಕಡೆ ಅಳೆಯಿರಿ. ಹೆಚ್ಚಿನ ತೊಂದರೆ ಹುಟ್ಟುವುದೇ ಇಲ್ಲಿ. ಪೆಟ್ಟಿಗೆ ಒಂದೆರಡು ಮಿ.ಮೀ. ಸಣ್ಣದಾದರೆ ಚಾನೆಲ್ಲಿನ ಹಿಂದೆ ಮೈಕಾ ತುಂಡು ಇಡಬಹುದು. ದೊಡ್ಡದಾದರೆ ಉಜ್ಜಲೇಬೇಕು, ಒತ್ತಿ ಕೂರಿಸಿದರೆ ಬೇರಿಂಗ್ ಹಾಳಾಗುತ್ತದೆ.

ಎರಡೂ ಚಾನೆಲ್‌ಗಳನ್ನು ಒಂದೇ ಮಟ್ಟದಲ್ಲಿ, ಕ್ಯಾಬಿನೆಟ್ಟಿನ ಮುಂದಿನ ಅಂಚಿನಿಂದ 2–3 ಮಿ.ಮೀ. ಒಳಗೆ ಇಡಿ. 18 ಮಿ.ಮೀ. ಹಲಗೆಗೆ 16 ಮಿ.ಮೀ. ಸ್ಕ್ರೂ ಸಾಕು. ತಲೆ ಚಪ್ಪಟೆಯಾಗಿ ಕೂರಲಿ, ಉಬ್ಬಿದರೆ ಚಾನೆಲ್ಲಿಗೆ ತಾಗುತ್ತದೆ. ಮೊದಲು ಚಾನೆಲ್ಲಿನ ಉದ್ದ ತೂತುಗಳಲ್ಲಿ ಮಾತ್ರ ಸ್ಕ್ರೂ ಬಿಗಿಯಿರಿ. ಡ್ರಾಯರ್ ಓಡಿಸಿ, ಮುಖಹಲಗೆಯ ಸಂದು ಸಮ ಮಾಡಿ, ಆಮೇಲೆ ದುಂಡು ತೂತಿಗೆ ಸ್ಕ್ರೂ ಹಾಕಿ.

ಮುಚ್ಚುವಾಗ ಡ್ರಾಯರ್ ಕೊನೆಯ 4–5 ಸೆಂ.ಮೀ. ತಾನಾಗಿ ಎಳೆದುಕೊಳ್ಳದಿದ್ದರೆ ಚಾನೆಲ್ಲಿನ ಒಳಗಿನ ಕೊಕ್ಕೆ ಮೊದಲೇ ಜಾರಿರುತ್ತದೆ. ಡ್ರಾಯರನ್ನು ಒಮ್ಮೆ ಜೋರಾಗಿ ಪೂರ್ತಿ ದೂಡಿದರೆ ಕೊಕ್ಕೆ ಮತ್ತೆ ಸಿಕ್ಕಿಕೊಳ್ಳುತ್ತದೆ. ಮತ್ತೆ ಮತ್ತೆ ಜಾರಿದರೆ ಎರಡು ಚಾನೆಲ್‌ಗಳಲ್ಲಿ ಒಂದು ಮುಂದೆ, ಇನ್ನೊಂದು ಹಿಂದೆ ಕೂತಿದೆ ಎಂದರ್ಥ. ತೆಂಗಿನೆಣ್ಣೆ ಮಾತ್ರ ಹಾಕಬೇಡಿ, ದೂಳು ಅಂಟಿ ಬೇರಿಂಗ್ ಕಟ್ಟಿಕೊಳ್ಳುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.