ಲಿಂಕ್ ಮಾಯವಾಗುವ ಮೊದಲು: ವರದಿ ಕಾಪಿಡುವ ಕೆಲಸ

2025ರ ಜುಲೈನಲ್ಲಿ ಧರ್ಮಸ್ಥಳದ ವಿಷಯವಾಗಿ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ಎದುರು ಪಕ್ಷದ ಮಾತು ಕೇಳದೆ ಕೊಟ್ಟ ಏಕಪಕ್ಷೀಯ ತಡೆಯಾಜ್ಞೆಯ ಪಟ್ಟಿಯಲ್ಲಿ, ತೆಗೆದುಹಾಕಬೇಕಾದ 8,842 ಲಿಂಕ್‌ಗಳಿದ್ದವು. ಯೂಟ್ಯೂಬ್ ವಿಡಿಯೊ 4,140, ಇನ್‌ಸ್ಟಾಗ್ರಾಂ ಪೋಸ್ಟ್ 3,584, ಫೇಸ್‌ಬುಕ್ 932. ಸುದ್ದಿ ವರದಿಗಳು ಬರೀ 108. ಆಗಸ್ಟ್ 1ರಂದು ಹೈಕೋರ್ಟ್, ಯೂಟ್ಯೂಬ್‌ನ ಕುಡ್ಲ ರ‍್ಯಾಂಪೇಜ್ ಚಾನೆಲ್‌ನ ಅರ್ಜಿಯ ಮೇಲೆ ಆ ಆದೇಶವನ್ನು ಬದಿಗಿಟ್ಟು, ಹೊಸದಾಗಿ ವಿಚಾರಿಸುವಂತೆ ಕೆಳ ನ್ಯಾಯಾಲಯಕ್ಕೆ ಹೇಳಿತು. ಒಂದು ವಿಷಯದ ಮೇಲೆ ಜಾಲತಾಣಗಳಲ್ಲಿ ನಡೆಯುವ ಅಭಿಯಾನ ದೊಡ್ಡದಾದಷ್ಟೂ ಪಟ್ಟಿ ಉದ್ದವಾಗುತ್ತದೆ. ಉದ್ದದ ಪಟ್ಟಿಯಲ್ಲಿ ದಾಖಲೆ ಇಟ್ಟುಕೊಂಡು ಬರೆದ ವರದಿಯನ್ನು ಬೇರೆಯಾಗಿ ಓದುವವರು ಯಾರು?

ಹಾಗಾಗಿ ಹ್ಯಾಶ್‌ಟ್ಯಾಗ್ ಓಡುತ್ತಿರುವ ವಿಷಯದ ವರದಿಯಾದರೆ, ಪ್ರಕಟವಾದ ದಿನವೇ ಸುದ್ದಿ ಮಾಡುವ ನಾವು ಅದರ ಪ್ರತಿ ತೆಗೆದಿಡುತ್ತೇವೆ. ವೆಬ್ ಪುಟವನ್ನು, ಪುಟಗಳ ಹಳೆಯ ಪ್ರತಿ ಕಾಪಿಡುವ ತಾಣವಾದ ವೇಬ್ಯಾಕ್ ಮಷೀನ್‌ಗೆ ಕೊಡುವುದು ಮೊದಲ ಕೆಲಸ. ಅದೊಂದನ್ನೇ ನಂಬಬಾರದು, ಕೋರಿಕೆ ಬಂದರೆ ಅಲ್ಲಿಂದಲೂ ಪುಟ ಹೋಗಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಲಿಂಕ್ ಕೊಟ್ಟರೆ ಬಹಳ ಸಲ ಲಾಗಿನ್ ಪುಟವಷ್ಟೇ ಉಳಿದಿರುತ್ತದೆ. ಅವಕ್ಕೆ ಆರ್ಕೈವ್‌ವೆಬ್.ಪೇಜ್ ಎಂಬ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿ, ಕಾಮೆಂಟ್‌ಗಳ ಕೊನೆವರೆಗೂ ಕೈಯಾರೆ ಸ್ಕ್ರೋಲ್ ಮಾಡಿ ಉಳಿಸಬೇಕು. ತೆರೆಯದ ಕಾಮೆಂಟ್ ದಾಖಲಾಗುವುದಿಲ್ಲ. ವಿಡಿಯೊ ಆದರೆ ಅಪ್‌ಲೋಡ್ ಮಾಡಿದ ಫೈಲ್, ಕತ್ತರಿಸದ ಮೂಲ ದೃಶ್ಯ, ವಿವರಣೆಯ ಪಠ್ಯ ಮೂರೂ ಬೇಕು. ಕತ್ತರಿಸದ ದೃಶ್ಯ ಇಲ್ಲದಿದ್ದರೆ ಮಾತನ್ನು ತಿರುಚಿದ್ದಾರೆ ಎಂಬ ಆರೋಪಕ್ಕೆ ಉತ್ತರ ಕೊಡುವುದು ಕಷ್ಟ.

ಆಮೇಲೆ ಹ್ಯಾಶ್, ಅಂದರೆ ಫೈಲಿನ ಒಳಗಿನದರಿಂದ ಲೆಕ್ಕಹಾಕಿ ತೆಗೆಯುವ, ಬೆರಳಚ್ಚಿನಂಥ ಸಂಕೇತ. ಪ್ರತಿ ಫೈಲಿಗೂ ಎಸ್‌ಎಚ್‌ಎ-256 ವಿಧಾನದ ಹ್ಯಾಶ್ ಮೌಲ್ಯ ತೆಗೆದು ದಿನಾಂಕ, ಸಮಯದೊಂದಿಗೆ ರಿಜಿಸ್ಟರ್‌ನಲ್ಲಿ ಬರೆಯುತ್ತೇವೆ. ವಿಂಡೋಸ್‌ನಲ್ಲಿರುವ ಸರ್ಟ್‌ಯುಟಿಲ್ ಎಂಬ ಕಮಾಂಡ್ ಇದಕ್ಕೆ ಸಾಕು. ಫೈಲಿನ ಹೆಸರು ಬದಲಿಸಿದರೆ ಹ್ಯಾಶ್ ಬದಲಾಗದು, ಆದರೆ ವಿಡಿಯೊವನ್ನು ವಾಟ್ಸ್ಯಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಕುಗ್ಗಿ ಬೇರೆಯೇ ಫೈಲ್ ಆಗುತ್ತದೆ. ಕಳಿಸಲೇಬೇಕೆಂದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಡಿಜಿಟಲ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಬೇಕಾಗುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಸೆಕ್ಷನ್‌ನ ಪ್ರಮಾಣಪತ್ರ ಕೇಳುವುದೂ ಇದೇ ಹ್ಯಾಶನ್ನು, ಜೊತೆಗೆ ಸಾಧನದ ಮಾಡೆಲ್, ಬಣ್ಣ, ಸೀರಿಯಲ್ ನಂಬರ್. ಅದರ ಎ ಭಾಗಕ್ಕೆ ನಾವು ಸಹಿ ಹಾಕಬಹುದು, ಬಿ ಭಾಗಕ್ಕೆ ತಜ್ಞರ ಸಹಿ ಬೇಕು. ಆ ತಜ್ಞರನ್ನು ಮೊದಲೇ ಗೊತ್ತುಮಾಡಿಕೊಂಡಿರಿ.

ಬರವಣಿಗೆಯಲ್ಲೂ ಒಂದು ಗೆರೆ ಎಳೆದುಕೊಂಡಿದ್ದೇವೆ. ಅಭಿಯಾನದ ಹ್ಯಾಶ್‌ಟ್ಯಾಗನ್ನು ವರದಿಯ ಶೀರ್ಷಿಕೆಗೆ ಅಂಟಿಸುವುದಿಲ್ಲ. ಅಭಿಯಾನದವರು ನಮ್ಮ ಕ್ಲಿಪ್ ಕತ್ತರಿಸಿ, ನಾವು ಹೇಳದ ಹೆಸರು ಸೇರಿಸಿ ಹಂಚಿದ್ದು ಕಂಡರೆ ಅದರ ಪ್ರತಿಯನ್ನೂ ಉಳಿಸಿ, ನಮ್ಮ ಪುಟದಲ್ಲಿ ಒಂದು ಸಾಲಿನ ಸ್ಪಷ್ಟನೆ ಹಾಕುತ್ತೇವೆ. ಇದಕ್ಕೆ ಬೈಗುಳ ತಪ್ಪಿದ್ದಲ್ಲ, ಬರಲಿ.

ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂದು ಕೋರ್ಟಿಗೆ ಮೊದಲೇ ಕೇವಿಯಟ್ ಹಾಕಿದರೆ ಸಾಕಲ್ಲವೇ ಎನ್ನುವವರಿದ್ದಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಪ್ರಕಾರ ಅದರ ಆಯುಷ್ಯ 90 ದಿನ. ಎದುರು ಪಕ್ಷಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಹೋಗಬೇಕಾದ್ದರಿಂದ ನಾವು ಹೆದರಿದ್ದೇವೆಂದು ನಾವೇ ಹೇಳಿದ ಹಾಗಾಗುತ್ತದೆ. ಅವರು ಬೇರೆ ಊರಿನ ಕೋರ್ಟಿನಲ್ಲಿ ದಾವೆ ಹೂಡಿದರೆ ಅದು ಉಪಯೋಗಕ್ಕೆ ಬಾರದು. ಆದೇಶ ಬಂದೇಬಿಟ್ಟರೆ ಅದೇ ಸಂಹಿತೆಯ 39ನೇ ಆರ್ಡರ್‌ನ 4ನೇ ನಿಯಮದಡಿ ತೆರವಿಗೆ ಅರ್ಜಿ ಹಾಕುತ್ತೇವೆ. ಏಕಪಕ್ಷೀಯ ತಡೆಯಾಜ್ಞೆಯ ಅರ್ಜಿಯನ್ನು 30 ದಿನದಲ್ಲಿ ಇತ್ಯರ್ಥ ಮಾಡಲು ಕೋರ್ಟ್ ಪ್ರಯತ್ನಿಸಬೇಕು ಎನ್ನುವ 3ಎ ನಿಯಮವನ್ನು ಅರ್ಜಿಯ ಮೊದಲ ಪುಟದಲ್ಲೇ ಕಾಣಿಸುತ್ತೇವೆ. ಪ್ರಕಟವಾದ ದಿನ ತೆಗೆದಿಟ್ಟ ಪ್ರತಿಗಳು, ಪ್ರಮಾಣಪತ್ರ ಅದರ ಹಿಂದೆಯೇ.