ಎಷ್ಟು ಕಂಬಳಿ ಹೊದ್ರಿ? ಪಿತ್ತನಾಳದ ಸೋಂಕು ಮತ್ತು ನನ್ನ ಕೇಳಾಟ

ಹೋದ ಮಳೆಗಾಲದಲ್ಲಿ ಒಬ್ಬ ಅಜ್ಜಿಯನ್ನು ರಾತ್ರೋರಾತ್ರಿ ಘಾಟಿ ಇಳಿಸಿ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಸ್ಕ್ಯಾನ್ ರಿಪೋರ್ಟಿನಲ್ಲಿ ಪಿತ್ತನಾಳ, ಅಂದರೆ ಲಿವರ್‌ನಿಂದ ಕರುಳಿಗೆ ಪಿತ್ತರಸ ಒಯ್ಯುವ ಕೊಳವೆ, ನಾರ್ಮಲ್ ಅಂತಲೇ ಇತ್ತು. ಮರುದಿನ ಇಆರ್‌ಸಿಪಿ (ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ಪಿತ್ತನಾಳ ತಲುಪುವ ವಿಧಾನ) ಮಾಡಿ ನಾಳದ ಬಾಯಿ ಬಿಡಿಸಿದ ಕೂಡಲೇ ಕೀವು ಬಂತು, ಹಿಂದೆಯೇ ಒಂದು ಸಣ್ಣ ಕಲ್ಲು. ಅಲ್ಲಿಯವರೆಗೆ ರೋಗಿಗಳ ಹತ್ತಿರ ನನ್ನ ಕೇಳಾಟವನ್ನು ನೋಡಿ ನಗುತ್ತಿದ್ದ ಸರ್ಜನ್ ಗೆಳೆಯ ಈಗ ನನ್ನ ಪ್ರಶ್ನೆಗಳ ಹಾಳೆಯ ಫೋಟೋ ಕಳಿಸು ಅನ್ನುತ್ತಿದ್ದಾನೆ. ಅದಕ್ಕೇ ಬರೆಯೋಣ ಅನಿಸಿತು.

ತೀರ್ಥಹಳ್ಳಿ ಸೀಮೆಯಲ್ಲಿ ನನ್ನದು ನಾಲ್ಕು ಹಾಸಿಗೆಯ ಕ್ಲಿನಿಕ್. ಇಲ್ಲಿ ಬೇಸಿಗೆಯಲ್ಲಿ ಜ್ವರ ಬಂದರೆ ಮಂಗನ ಕಾಯಿಲೆ ಅಂತ ಹೆದರುತ್ತಾರೆ, ಮಳೆಗಾಲದಲ್ಲಿ ಕಣ್ಣು ಹಳದಿಯಾದರೆ ಇಲಿಜ್ವರ. ಇನ್ನು ವಾಂತಿ, ತಲೆಸುತ್ತು, ತಲೆನೋವು ಎಲ್ಲಕ್ಕೂ ಒಂದೇ ಹೆಸರು, ಪಿತ್ತ. ಎದೆಗುಂಡಿಯ ಕೆಳಗೆ ಏನೇ ನೋವಾದರೂ ಗ್ಯಾಸ್ಟ್ರಿಕ್. ‘ಪಿತ್ತದ ತೊಂದರೆ ಇದೆಯಾ’ ಅಂತ ಕೇಳಿದರೆ ಇಡೀ ತಾಲ್ಲೂಕೇ ಹೌದು ಅನ್ನುತ್ತೆ!

ಚಳಿಜ್ವರ, ಕಾಮಾಲೆ, ಬಲಪಕ್ಕೆ ನೋವು. ಪಿತ್ತನಾಳದ ಸೋಂಕಿಗೆ 1877ರಲ್ಲಿ ಫ್ರೆಂಚ್ ವೈದ್ಯ ಶಾರ್ಕೋ ಹೇಳಿದ ಈ ಮೂರು ಲಕ್ಷಣಗಳನ್ನು ನಾವೆಲ್ಲ ಬಾಯಿಪಾಠ ಮಾಡಿಯೇ ಪಾಸಾದವರು. ನನ್ನ ನೋಟ್‌ಬುಕ್ಕಿನಲ್ಲಿ ಇಷ್ಟು ವರ್ಷಕ್ಕೆ ನಲವತ್ತು ಚಿಲ್ಲರೆ ಕೇಸ್ ಇರಬಹುದು. ಮೂರೂ ಒಟ್ಟಿಗೆ ಸಿಕ್ಕಿದ್ದು ಹತ್ತು ಹನ್ನೆರಡರಲ್ಲಿ, ಅಷ್ಟೇ. ಉಳಿದವರಲ್ಲಿ ಒಂದೊಂದು ಲಕ್ಷಣ ಒಂದೊಂದು ದಿನ ಬಂದು ಹೋಗಿರುತ್ತೆ. ನಮ್ಮೆದುರು ಕೂತಾಗ ಏನೂ ಇರಲ್ಲ.

ಮೊದಲು ನಾನೂ ನೇರವಾಗಿಯೇ ಕೇಳುತ್ತಿದ್ದೆ. ಜ್ವರ ಇತ್ತಾ, ಇತ್ತು. ನೋವು ಇತ್ತಾ, ಇತ್ತು. ಹಾಗೆ ಇಬ್ಬರನ್ನು ಕೆಳಗೆ ಕಳಿಸಿದೆ. ಒಬ್ಬನದು ಬರೀ ಹೆಪಟೈಟಿಸ್ ಎ (ವೈರಸ್ಸಿನ ಕಾಮಾಲೆ), ಇನ್ನೊಬ್ಬರದು ಇಲಿಜ್ವರ. ಆ ಎರಡನೆಯವರಿಗೆ ಗಾಡಿ ಬಾಡಿಗೆ, ಎಂಆರ್‌ಐ, ಅಡ್ಮಿಷನ್ ಎಲ್ಲ ಸೇರಿ ಇಪ್ಪತ್ತೆಂಟು ಸಾವಿರದ ಹತ್ತಿರ ಹೋಯಿತು. ಅಡಿಕೆ ಮಂಡಿಯಲ್ಲಿ ಅಡ್ವಾನ್ಸ್ ತಂದ ದುಡ್ಡು. ಇಲಿಜ್ವರದಲ್ಲಿ ಮೀನಖಂಡ ನೋಯುತ್ತೆ, ಒತ್ತಿ ನೋಡಿದ್ದರೆ ನನಗೆ ಇಲ್ಲೇ ಗೊತ್ತಾಗುತ್ತಿತ್ತು, ಒತ್ತಲಿಲ್ಲ. ಒಂದು ವರ್ಷ ಆ ಮನುಷ್ಯ ಪೇಟೆಯಲ್ಲಿ ಸಿಕ್ಕರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ.

ಮೂರನೆಯದು ಉಲ್ಟಾ. ಎಪ್ಪತ್ತು ದಾಟಿದ, ಶುಗರ್ ಇದ್ದ ಯಜಮಾನರು. ಜ್ವರ ಇಲ್ಲ, ನೋವಿಲ್ಲ. ‘ನಿನ್ನೆಯಿಂದ ಏನೇನೋ ಮಾತಾಡ್ತಾರೆ ಡಾಕ್ಟ್ರೇ’ ಅಂದ ಮಗ. ನಾನು ಶುಗರ್ ನೋಡಿದೆ, ಸೋಡಿಯಂ ಪರೀಕ್ಷೆಗೆ ರಕ್ತ ಕಳಿಸಿದೆ. ಕಣ್ಣನ್ನು ಟ್ಯೂಬ್‌ಲೈಟಿನಲ್ಲಿ ನೋಡಿ ಬಿಟ್ಟೆ. ಬೆಳಿಗ್ಗೆ ಕಿಟಕಿ ಹತ್ತಿರ ನೋಡಿದರೆ ಕಣ್ಣು ಹಳದಿ, ಬಿಪಿ ಕೆಳಗೆ. ಶಾರ್ಕೋನ ಮೂರಕ್ಕೆ ಮಂಕು ಮತ್ತು ಬಿಪಿ ಇಳಿಯುವುದನ್ನು 1959ರಲ್ಲಿ ರೆನಾಲ್ಡ್ಸ್ ಅನ್ನುವ ವೈದ್ಯ ಸೇರಿಸಿದ್ದು ನೆನಪಾಗಿದ್ದು ಆಗ. ಅವರು ಉಳಿದರು, ಆದರೆ ಐಸಿಯುಗೆ ಎರಡು ಲಕ್ಷದ ಮೇಲೆ ಕಟ್ಟಿದರು. ಅವತ್ತಿಂದ ಕಣ್ಣು ನೋಡುವುದು ಹಗಲು ಬೆಳಕಿನಲ್ಲಿ ಮಾತ್ರ. ಅಂಗೈ ಅಂತೂ ನಂಬಲೇ ಬೇಡಿ, ಅಡಿಕೆ ಸುಲಿಯುವವರ ಕೈಯಲ್ಲಿ ಯಾವ ಹಳದಿ ಕಾಣುತ್ತೆ?

ಆಮೇಲೆ ಕೇಳುವ ರೀತಿಯನ್ನೇ ಬದಲಿಸಿದೆ. ‘ಎಷ್ಟು ದಿನದಿಂದ’ ಅನ್ನುವ ಪ್ರಶ್ನೆಯೇ ಇಲ್ಲ. ಗೋಡೆಯ ಕ್ಯಾಲೆಂಡರ್ ಇಳಿಸಿ ಮೇಜಿನ ಮೇಲೆ ಇಟ್ಟು, ಇವತ್ತಿನಿಂದ ಹಿಂದೆ ಹಿಂದೆ ಹೋಗುತ್ತೇನೆ. ಸಂತೆ ದಿನ ಚೆನ್ನಾಗಿದ್ರಾ, ಏಕಾದಶಿ ದಿನ ಊಟ ಸೇರಿತಾ, ಹೀಗೆ. ‘ಚಳಿ ಬಂತಾ’ ಅಂತಲೂ ಕೇಳಲ್ಲ. ಮಲೆನಾಡಿನ ಆಷಾಢದಲ್ಲಿ ಯಾರಿಗೆ ಚಳಿ ಇಲ್ಲ? ‘ಎಷ್ಟು ಕಂಬಳಿ ಹೊದ್ರಿ, ಮಂಚ ಅಲ್ಲಾಡ್ತಾ’ ಅಂತ ಕೇಳುತ್ತೇನೆ, ಅದೂ ಪಕ್ಕದಲ್ಲಿ ಮಲಗುವವರನ್ನು. ಆಮೇಲೆ ಜ್ವರವನ್ನೂ ಹಳದಿಯನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ಹೆಪಟೈಟಿಸ್ ಎ ಆದರೆ ಸಾಮಾನ್ಯವಾಗಿ ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಬಿಟ್ಟಿರುತ್ತೆ. ಪಿತ್ತನಾಳದ ಸೋಂಕಿನಲ್ಲಿ ಎರಡೂ ಬಂದರೆ ಹೆಚ್ಚಾಗಿ ಜೊತೆಗೇ ಬರುತ್ತವೆ, ಜೊತೆಗೇ ಇಳಿದು ಮತ್ತೆ ಬರುತ್ತವೆ.

ನಾಳ ಕಟ್ಟಿದರೆ ಮೂತ್ರ ಕಪ್ಪಾಗುತ್ತೆ, ಆ ಬಣ್ಣ ತೋರಿಸಲು ಮೂರು ಗಾಜಿನ ಲೋಟ ಇಟ್ಟಿದ್ದೇನೆ. ಒಂದರಲ್ಲಿ ತೆಳು ಚಹಾ, ಇನ್ನೊಂದರಲ್ಲಿ ಕಡು ಚಹಾ, ಮೂರನೆಯದರಲ್ಲಿ ಕಾಫಿ ಡಿಕಾಕ್ಷನ್. ನಾನು ಬಾಯಿ ಬಿಡಲ್ಲ, ಅವರೇ ಬೆರಳು ತೋರಿಸಬೇಕು. ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ, ಮೂತ್ರವನ್ನು ಸೀಸೆಯಲ್ಲಿ ಅಲ್ಲಾಡಿಸಿ ನೊರೆ ಹಳದಿಯಾ ಅಂತ ನೋಡುವುದು. ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದವರೂ, ಬಿಸಿಲಲ್ಲಿ ನೀರು ಕುಡಿಯದೆ ತೋಟದ ಕೆಲಸ ಮಾಡಿದವರೂ ಬಂದು ನನ್ನನ್ನು ಗಲಿಬಿಲಿ ಮಾಡಿದರು. ಕಾಂಪೌಂಡರ್ ಬೇರೆ ಮುಖ ಸಿಂಡರಿಸುತ್ತಿದ್ದ. ಕೈಬಿಟ್ಟು ಮೂತ್ರ ಪರೀಕ್ಷೆಯ ಸ್ಟ್ರಿಪ್ ತಂದೆ. ಸುಮ್ನೆ ಹತ್ತು ರೂಪಾಯಿಯ ಕೆಲಸಕ್ಕೆ ಎರಡು ತಿಂಗಳು.

ನಾಟಿ ಔಷಧಿ ಕುಡಿದು ಬಂದಿದ್ದಾರೋ ಇಲ್ಲವೋ ಅನ್ನುವುದು ಇನ್ನೊಂದು. ಕಿರುನೆಲ್ಲಿ ಕುಡಿದು, ಉಪ್ಪು ಎಣ್ಣೆ ಬಿಟ್ಟು ವಾರ ಕಳೆದಿರುತ್ತಾರೆ, ಕೇಳಿದರೆ ಇಲ್ಲವೇ ಇಲ್ಲ ಅನ್ನುತ್ತಾರೆ. ಅದನ್ನು ಬಾಯಿ ಬಿಡಿಸಲು ನನ್ನದೊಂದು ಉಪಾಯ ಇದೆ. ಬರೆದುಬಿಟ್ಟರೆ ನಾಳೆಯಿಂದ ಕೆಲಸ ಮಾಡಲ್ಲ, ಅದು ನನ್ನ ಹತ್ತಿರವೇ ಇರಲಿ.

ಈಗ ಅಜ್ಜಿಯ ವಿಷಯ. ‘ಪಿತ್ತಕೋಶವನ್ನೇ ನಾಲ್ಕು ವರ್ಷದ ಹಿಂದೆ ತೆಗೆಸಿದೀವಿ, ಇನ್ನು ಕಲ್ಲು ಎಲ್ಲಿಂದ ಬರುತ್ತೆ’ ಅಂದ ಮಗ. ರಕ್ತದಲ್ಲಿ ಕಾಮಾಲೆಯ ಅಳತೆಯಾದ ಬಿಲಿರುಬಿನ್ ಮೂರೂಮುಕ್ಕಾಲು, ನಾಳ ಕಟ್ಟಿದರೆ ಏರುವ ಆಲ್ಕಲೈನ್ ಫಾಸ್ಫಟೇಸ್ ನಾನೂರು ಚಿಲ್ಲರೆ, ಎರಡೂ ಜಾಸ್ತಿ, ಉಳಿದದ್ದು ಸುಮಾರಾಗಿತ್ತು. ಕ್ಯಾಲೆಂಡರ್ ಹಿಡಿದು ಕೂತರೆ ಹನ್ನೊಂದು ದಿನದಲ್ಲಿ ಮೂರು ಸಲ ಚಳಿಜ್ವರ, ಪ್ರತಿ ಸಲ ಸಂಜೆ ದೀಪ ಹಚ್ಚುವ ಹೊತ್ತಿಗೆ, ಮೂರು ಕಂಬಳಿ. ಸೊಸೆ ಡಿಕಾಕ್ಷನ್ ಲೋಟ ತೋರಿಸಿದಳು. ರಾತ್ರಿಯೆಲ್ಲ ಅಂಗಾಲು ಕೆರೆದುಕೊಳ್ಳುತ್ತಿದ್ದರಂತೆ, ಕಂಬಳಿಹುಳ ತಾಗಿದೆ ಅಂತ ಕೊಬ್ಬರಿ ಎಣ್ಣೆ ಹಚ್ಚಿದ್ದರು. ಪಿತ್ತ ಕಟ್ಟಿಕೊಂಡಾಗ ಮೈ ಹಾಗೆ ಕೆರೆಯುತ್ತೆ. ಪಿತ್ತಕೋಶ ತೆಗೆಸಿದ ಮೇಲೂ ನಾಳದಲ್ಲಿ ಕಲ್ಲು ಇರಬಹುದು, ಅದು ಅಡ್ಡ ಕೂತು, ಸರಿದು, ಮತ್ತೆ ಕೂರುವ ಆಟ ಅದು. ನಾಳದ ಕೆಳತುದಿಯನ್ನು ಕರುಳಿನ ಗ್ಯಾಸ್ ಮುಚ್ಚಿದರೆ ಸ್ಕ್ಯಾನಿಗೆ ಕಾಣಲ್ಲ, ಗೊತ್ತಲ್ವಾ. ಗೆಳೆಯನಿಗೆ ಫೋನ್ ಮಾಡಿದರೆ, ‘ಕಂಬಳಿ ಎಣಿಸಿ ಇಆರ್‌ಸಿಪಿಗೆ ಕಳಿಸ್ತೀಯಲ್ಲ ಮಾರಾಯ’ ಅಂದ. ಯಾವ ಬ್ಯಾಕ್ಟೀರಿಯಾ ಅಂತ ತಿಳಿಯಲು ಬ್ಲಡ್ ಕಲ್ಚರ್ ತೆಗೆದು, ಆ್ಯಂಟಿಬಯೋಟಿಕ್ ಶುರು ಮಾಡಿ, ಮಳೆಯಲ್ಲೇ ಕಳಿಸಿದೆ. ಗಾಡಿಗೆ ನಾಲ್ಕು ಸಾವಿರ ಆಯಿತು. ಉಳಿದದ್ದು ಬಿಪಿಎಲ್ ಕಾರ್ಡಿನಲ್ಲಿ ಹೆಚ್ಚುಕಮ್ಮಿ ಮುಗಿಯಿತು.

ಇನ್ನೊಂದು ಉಳಿದಿದೆ. ಪಿತ್ತ ಹರಿಯಲಿ ಅಂತ ನಾಳದೊಳಗೆ ಪ್ಲಾಸ್ಟಿಕ್ ಸ್ಟೆಂಟ್ (ಸಣ್ಣ ಕೊಳವೆ) ಹಾಕಿ ಮೂರು ತಿಂಗಳಿಗೆ ಬನ್ನಿ ಅಂತ ಕಳಿಸಿರುತ್ತಾರೆ, ನೋವು ಹೋದ ಮೇಲೆ ಯಾರಿಗೆ ನೆನಪಿರುತ್ತೆ? ಎರಡು ವರ್ಷ ಒಳಗೇ ಇಟ್ಟುಕೊಂಡು, ಅದು ಕಟ್ಟಿಕೊಂಡು ನಡುಗುತ್ತಾ ಬಂದವರನ್ನು ನೋಡಿದ್ದೇನೆ. ‘ಪೈಪ್ ಹಾಕಿದ್ರಾ’ ಅಂತ ಕೇಳಿದರೆ ನೆನಪಾಗುತ್ತೆ, ಸ್ಟೆಂಟ್ ಅಂದರೆ ಹಾರ್ಟಿಗಾ ಅನ್ನುತ್ತಾರೆ. ಫೈಲು ಮಳೆಯಲ್ಲಿ ನೆನೆದು ಹೋಗುತ್ತೆ, ರೇಷನ್ ಕಾರ್ಡ್ ಮಾತ್ರ ಯಾರೂ ಕಳೆಯಲ್ಲ. ಅಜ್ಜಿಗೂ ಒಂದು ಹಾಕಿದ್ದರು, ಅವರ ಕಾರ್ಡಿನ ಕವರ್ ಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಪೈಪ್ ತೆಗೆಸಬೇಕು’ ಅಂತ ತಾರೀಖು ಹಾಕಿ ಬರೆದಿದ್ದೆ. ಹೋದ ತಿಂಗಳು ನ್ಯಾಯಬೆಲೆ ಅಂಗಡಿಯವನು ಅದನ್ನು ಓದಿ, ತೆಗೆಸಿಕೊಂಡು ಬರದಿದ್ದರೆ ಅಕ್ಕಿ ಕೊಡಲ್ಲ ಅಂತ ಹೆದರಿಸಿದನಂತೆ. ಮರುವಾರವೇ ಹೋಗಿ ತೆಗೆಸಿಕೊಂಡು ಬಂದರು.