ಡಿಕ್ಕಿಯಲ್ಲಿ ನೀರು: ಮೊದಲು ದಾರಿ ಕಂಡುಹಿಡಿಯಿರಿ, ಆಮೇಲೆ ಮುಚ್ಚಿ

ಆರಿದ್ರಾ ಮಳೆ ಹಿಡಿದುಕೊಂಡಿತೆಂದರೆ ಸಕಲೇಶಪುರದ ನನ್ನ ಟಿಂಕರಿಂಗ್ ಶೆಡ್ಡಿಗೆ ಡಿಕ್ಕಿಯಲ್ಲಿ ನೀರು ತುಂಬಿಕೊಂಡ ಕಾರುಗಳು ಬರತೊಡಗುತ್ತವೆ. ಮ್ಯಾಟ್ ಎತ್ತಿದರೆ ಸ್ಟೆಪ್ನಿ ಗುಳಿಯಲ್ಲಿ ಕೆಸರು ನೀರು, ಜಾಕಿಗೆ ತುಕ್ಕು, ಮೂಗಿಗೆ ಅಡರುವ ಮುಗ್ಗಲು ವಾಸನೆ. ಎಷ್ಟೋ ಕಾರುಗಳಲ್ಲಿ ಯಾರೋ ಆಗಲೇ ಟ್ಯೂಬುಗಟ್ಟಲೆ ಸಿಲಿಕೋನ್ ಮೆತ್ತಿರುತ್ತಾರೆ. ಸೋರಿಕೆ ಮಾತ್ರ ನಿಂತಿರುವುದಿಲ್ಲ. ನಮ್ಮ ಹೆಂಚಿನ ಮನೆಗಳಲ್ಲಿ ಹೆಂಚು ಒಡೆದಿರುವುದು ಒಂದು ಕಡೆ, ನೀರು ಪಕಾಸಿ ಹಿಡಿದು ಬಂದು ತೊಟ್ಟಿಕ್ಕುವುದು ಇನ್ನೊಂದು ಕಡೆ ಅಲ್ಲವೇ, ಕಾರಿನ ತಗಡಿನಲ್ಲೂ ಅದೇ ಕತೆ. ಸ್ಟೆಪ್ನಿ ಗುಳಿ ಎಲ್ಲಕ್ಕಿಂತ ತಗ್ಗಿನ ಜಾಗವಾದ್ದರಿಂದ ಎಲ್ಲಿಂದ ನುಗ್ಗಿದ ನೀರಾದರೂ ಕೊನೆಗೆ ಅಲ್ಲಿಗೇ ಬಂದು ಸೇರುತ್ತದೆ. ಆದ್ದರಿಂದ ಒಂದು ನಿಯಮವನ್ನು ಬಿಗಿಯಾಗಿ ಹಿಡಿದುಕೊಳ್ಳಿ: ನೀರಿನ ಹನಿ ಒಳಗೆ ಇಳಿಯುವುದನ್ನು ಕಣ್ಣಾರೆ ಕಾಣುವವರೆಗೆ ಸೀಲಂಟ್ ಟ್ಯೂಬಿನ ಮುಚ್ಚಳ ತೆಗೆಯಬೇಡಿ.

ಕೆಲಸ ಶುರುವಾಗುವುದು ಡಿಕ್ಕಿಯನ್ನು ಪೂರ್ತಿ ಬರಿದು ಮಾಡುವುದರಿಂದ. ಸ್ಟೆಪ್ನಿ, ಜಾಕಿ, ನೆಲದ ಹಲಗೆ, ಮ್ಯಾಟ್ ಎಲ್ಲವೂ ಹೊರಗೆ ಬರಬೇಕು. ಎರಡು ಬದಿಯ ಪ್ಲಾಸ್ಟಿಕ್ ಅಥವಾ ಫೆಲ್ಟ್ ಹೊದಿಕೆಗಳನ್ನೂ ಬಿಚ್ಚಿ. ಅವುಗಳನ್ನು ಹಿಡಿದಿರುವ ಗುಬ್ಬಿಗಳನ್ನು (ಕ್ಲಿಪ್ಪುಗಳನ್ನು) ಸ್ಕ್ರೂಡ್ರೈವರಿನಿಂದ ಮೀಟಿದರೆ ಮುರಿಯುತ್ತವೆ. ಕವಲು ತುದಿಯ ಪ್ಲಾಸ್ಟಿಕ್ ಮೀಟುಗೋಲು ಬಿಡಿಭಾಗಗಳ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಕೆಲವು ಕಾರುಗಳಲ್ಲಿ ಬ್ಯಾಟರಿಯೋ ವಿದ್ಯುತ್ ಪೆಟ್ಟಿಗೆಗಳೋ ಹಿಂದೆಯೇ ಇರುತ್ತವೆ. ಅಂಥ ಕಡೆ ನೀರು ನಿಂತಿದ್ದರೆ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ.

ಒರೆಸುವ ಮುಂಚೆ ನೀರನ್ನೇ ಒಮ್ಮೆ ನೋಡಿ, ಮೂಸಿ. ಸೋಪಿನ ಪರಿಮಳವಿದ್ದರೆ ಅದು ಮಳೆನೀರಲ್ಲ. ಹಿಂದಿನ ಗಾಜಿನ ವೈಪರಿಗೆ ನೀರು ಒಯ್ಯುವ ಸಣ್ಣ ಪೈಪು ಎಲ್ಲೋ ಕಳಚಿದೆ ಅಥವಾ ಸೀಳಿದೆ ಎಂದರ್ಥ. ನಿಂತ ಕಾರಿನಲ್ಲಿ ಒಂದು ಹನಿಯೂ ಇಳಿಯದೆ, ಒದ್ದೆ ರಸ್ತೆಯಲ್ಲಿ ಓಡಿ ಬಂದ ಮೇಲಷ್ಟೇ ಕೆಂಪು ಕೆಸರು ಕಂಡರೆ ಚಕ್ರ ಎರಚಿದ ನೀರು ಗುಳಿಯ ಜೋಡಣೆಯಿಂದಲೋ ತಳದ ರಬ್ಬರ್ ಬಿರಡೆಯಿಂದಲೋ ಬರುತ್ತಿದೆ. ತಿಳಿನೀರಾದರೆ ಮೇಲೆ ಹುಡುಕಿ. ಬರಿಯ ತಗಡಿನ ಮೇಲೆ ಧೂಳಿನ ನಡುವೆ ಒಣಗಿದ ಗೆರೆಗಳಿರುತ್ತವೆ. ಟಾರ್ಚನ್ನು ಓರೆಯಾಗಿ ಹಿಡಿದು ಆ ಗೆರೆಯ ಜಾಡಿನಲ್ಲೇ ಮೇಲಕ್ಕೆ ಹೋಗಿ.

ಈಗ ಎಲ್ಲವನ್ನೂ ಒಣಬಟ್ಟೆಯಲ್ಲಿ ಒರೆಸಿ, ಸಂದುಗಳಿಗೆ ಗಾಳಿ ಹೊಡೆದು, ಬಿರಿಬಿರಿ ಒಣಗಿಸಿ. ಸಂಶಯವಿರುವ ಕಡೆಗಳಲ್ಲಿ ಮೈಗೆ ಹಾಕುವ ಟಾಲ್ಕಂ ಪೌಡರನ್ನು ತೆಳ್ಳಗೆ ಉದುರಿಸಿ. ಒಂದೇ ಹನಿ ಹರಿದರೂ ಆ ಬಿಳುಪಿನಲ್ಲಿ ಗೆರೆ ಬೀಳುತ್ತದೆ. ಇಬ್ಬರಿದ್ದರೆ ಒಬ್ಬರು ಹಿಂದಿನ ಸೀಟು ಮಡಚಿ, ಟಾರ್ಚ್ ಹಿಡಿದು ಒಳಗಿನಿಂದ ನೋಡಲಿ. ಸೀಟು ಮಡಚಲಾಗದ ಕಾರಿನಲ್ಲಿ ಮನುಷ್ಯರನ್ನು ಡಿಕ್ಕಿಯೊಳಗೆ ಮುಚ್ಚಬೇಡಿ; ಪೌಡರನ್ನೇ ನಂಬಿ.

ಹೊರಗಿನಿಂದ ನೀರು ಬಿಡುವಾಗ ಪ್ರೆಷರ್ ವಾಷರ್ ಬೇಡ. ಮಳೆ ಎಂದೂ ಹೋಗದ ಕಡೆಗೂ ಅದು ನೀರನ್ನು ನುಗ್ಗಿಸಿ ದಾರಿ ತಪ್ಪಿಸುತ್ತದೆ. ಗಿಡಕ್ಕೆ ಬಿಡುವ ಪೈಪಿನಿಂದ ಸಣ್ಣಗೆ, ಕೆಳಗಿನಿಂದ ಮೇಲಕ್ಕೆ ಬಿಡುತ್ತಾ ಬನ್ನಿ: ಮೊದಲು ಬಂಪರಿನ ಮೇಲಂಚು, ಆಮೇಲೆ ದೀಪಗಳು, ಡಿಕ್ಕಿಯ ಬಾಗಿಲಿನ ಸಂದು, ಗಾಜಿನ ಅಂಚು, ಕೊನೆಗೆ ಛಾವಣಿ. ಒಂದೊಂದು ಕಡೆಯೂ ಐದು ನಿಮಿಷ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲದರ ಮೇಲೂ ಹರಿದು, ಯಾವುದು ಸೋರಿತೆಂದು ಹೇಳಲಾಗುವುದಿಲ್ಲ.

ನಮ್ಮ ಮಲೆನಾಡಿನವರು ಇನ್ನೊಂದನ್ನು ಗಮನಿಸಬೇಕು. ಇಲ್ಲಿ ಮನೆಯಂಗಳಗಳು ಹೆಚ್ಚಾಗಿ ಇಳಿಜಾರು. ಮೂತಿ ಮೇಲಾಗಿ ನಿಂತ ಕಾರಿನಲ್ಲಿ ಛಾವಣಿಯ ನೀರೆಲ್ಲ ಹಿಂದಕ್ಕೆ ಹರಿದು ಡಿಕ್ಕಿಯ ಬಾಗಿಲಿನ ಸುತ್ತಲ ಕಾಲುವೆಗೆ ಬೀಳುತ್ತದೆ. ಕಾರು ನಿಮ್ಮ ಮನೆಯಲ್ಲಿ ಹೇಗೆ ನಿಲ್ಲುತ್ತದೆಯೋ ಅದೇ ಓರೆಯಲ್ಲಿ ನಿಲ್ಲಿಸಿಯೇ ಪರೀಕ್ಷಿಸಿ. ಸಮತಟ್ಟು ನೆಲದಲ್ಲಿ ಸೋರದ ಕಾರು ಹಾನುಬಾಳಿನ ಕಡೆಯ ಏರಿನಲ್ಲಿ ನಿಂತಾಗ ಸೋರುವುದನ್ನು ನಾನು ನೋಡಿದ್ದೇನೆ. ತೋಟದಲ್ಲಿ ಸಿಲ್ವರ್ ಓಕ್ ಮರದಡಿ ನಿಲ್ಲಿಸುವವರು ಆ ಕಾಲುವೆಯಲ್ಲಿ ಸಿಕ್ಕಿಕೊಂಡ ಎಲೆಗಳನ್ನು ಮೊದಲು ತೆಗೆಯಿರಿ. ಕೆಲವೊಮ್ಮೆ ಅಷ್ಟರಿಂದಲೇ ಸೋರಿಕೆ ನಿಲ್ಲುತ್ತದೆ.

ನಾನು ಮೊದಲು ಕೈಹಾಕುವುದು ಟೈಲ್ ಲ್ಯಾಂಪಿಗೆ. ಒಳಗಿನ ನಟ್ಟುಗಳನ್ನು ಬಿಚ್ಚಿ ದೀಪವನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ. ಅದರ ಬೆನ್ನಿಗೆ ಕಪ್ಪು ಸ್ಪಂಜಿನ ಗ್ಯಾಸ್ಕೆಟ್ ಇರುತ್ತದೆ. ಹೊಸದರಲ್ಲಿ ಅದು ಬೆರಳಲ್ಲಿ ಒತ್ತಿ ಬಿಟ್ಟರೆ ಮತ್ತೆ ಉಬ್ಬುತ್ತದೆ. ವಯಸ್ಸಾದದ್ದು ಒತ್ತಿದಲ್ಲೇ ಚಪ್ಪಟೆಯಾಗಿ ಉಳಿಯುತ್ತದೆ, ಉಗುರಿಗೆ ಪುಡಿಯಾಗುತ್ತದೆ. ಅದು ಕೂರುವ ಬಣ್ಣದ ಮೇಲೆ ಕೆಸರಿನ ಸಣ್ಣ ಗೆರೆಯೊಂದು ಒಳಗಿನವರೆಗೆ ಹೋಗಿದ್ದರೆ ನಿಮ್ಮ ಹುಡುಕಾಟ ಮುಗಿದಂತೆ. ಹೊಸ ಗ್ಯಾಸ್ಕೆಟ್ ಸಿಕ್ಕರೆ ಹಾಕಿ. ಸಿಗದಿದ್ದರೆ ಹಳೆಯದನ್ನು ಪೂರ್ತಿ ಕೆರೆದು, ಬ್ಯೂಟೈಲ್ ಟೇಪನ್ನು (ಮೆತ್ತನೆಯ ಅಂಟು ರಬ್ಬರ್ ಪಟ್ಟಿ) ಎಳೆಯದೆ, ಸಂದು ಬಿಡದೆ ಸುತ್ತಲೂ ಅಂಟಿಸಿ. ನಟ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಒಂದನ್ನೇ ಒತ್ತಿ ತಿರುಗಿಸಿದರೆ ದೀಪ ಓರೆಯಾಗುತ್ತದೆ ಅಥವಾ ಪ್ಲಾಸ್ಟಿಕ್ ಸೀಳುತ್ತದೆ.

ಬಾಗಿಲಿನ ಸುತ್ತಲ ರಬ್ಬರ್ ಬೀಡಿಂಗನ್ನು ಎಲ್ಲರೂ ಮೊದಲು ಅನುಮಾನಿಸುತ್ತಾರೆ, ಆದರೆ ತಪ್ಪು ಎಷ್ಟೋ ಸಲ ಅದರದಲ್ಲ. ಪರೀಕ್ಷೆ ಸುಲಭ. ಹಳೆಯ ಲಗ್ನಪತ್ರಿಕೆಯಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಬೀಡಿಂಗಿನ ಮೇಲಿಟ್ಟು, ಡಿಕ್ಕಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಹಿಡಿದು ಬಂದರೆ ಸರಿ. ಸಲೀಸಾಗಿ ಜಾರಿದರೆ ಅಲ್ಲಿ ಒತ್ತಡವಿಲ್ಲ. ಅಂಥ ಕಡೆ ರಬ್ಬರನ್ನು ಕಿತ್ತು, ಅದು ಕೂರುವ ತಗಡಿನ ಅಂಚು ಬಾಗಿದೆಯೇ ನೋಡಿ. ಭಾರದ ಮೂಟೆಗಳನ್ನು ಉಜ್ಜಿ ಎಳೆದ ಕಾರುಗಳಲ್ಲಿ ಆ ಅಂಚು ಮಡಚಿರುತ್ತದೆ. ಇಕ್ಕಳದಿಂದ ನೇರ ಮಾಡಿ, ರಬ್ಬರನ್ನು ಸೋಪಿನ ನೀರಿನಲ್ಲಿ ತೊಳೆದು, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ ಮತ್ತೆ ಕೂರಿಸಿ. ಪೆಟ್ರೋಲ್, ಸೀಮೆಎಣ್ಣೆ, ಚಕ್ರದ ಗ್ರೀಸ್ ಮುಟ್ಟಿಸಲೇಬೇಡಿ. ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ.

ಜನ ಮರೆಯುವ ಜಾಗ ಬಂಪರಿನ ಹಿಂದಿದೆ. ಬಾಗಿಲು ಹಾಕಿದಾಗ ಒಳಗಿನ ಗಾಳಿ ಹೊರಹೋಗಲೆಂದು ಅನೇಕ ಕಾರುಗಳಲ್ಲಿ ಅಲ್ಲಿ ರಬ್ಬರ್ ಪರದೆಗಳಿರುವ ಕಿಂಡಿಗಳಿರುತ್ತವೆ. ಅವುಗಳ ಚೌಕಟ್ಟಿನ ಸುತ್ತಲಿನ ಸ್ಪಂಜು ಹಾಳಾದರೆ ನೀರು ಒಳಬರುತ್ತದೆ. ಚೌಕಟ್ಟಿನ ಸುತ್ತ ಮಾತ್ರ ಸೀಲ್ ಮಾಡಿ. ಕಿಂಡಿಯನ್ನೇ ಮುಚ್ಚಿಬಿಟ್ಟರೆ ಬಾಗಿಲು ಹಾಕುವುದು ಕಷ್ಟವಾಗುತ್ತದೆ, ಗಾಜಿಗೆ ಮಂಜು ಕವಿಯುತ್ತದೆ. ಘಾಟಿಯ ರಸ್ತೆಯಲ್ಲಿ ಮಂಜು ಕವಿದ ಗಾಜು ಜೀವಕ್ಕೇ ಅಪಾಯ.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ: ಗಾಜಿನ ಮೇಲಿನ ಬ್ರೇಕ್ ದೀಪದ ಗ್ಯಾಸ್ಕೆಟ್, ಆಂಟೆನಾದ ಬುಡ, ಬಾಗಿಲಿಗೆ ತಂತಿ ಹೋಗುವ ರಬ್ಬರ್ ಕೊಳವೆ, ಹಿಂಜುಗಳ ಬೋಲ್ಟು, ಸನ್‌ರೂಫ್ ಇದ್ದರೆ ಅದರ ಹಿಂದಿನ ನೀರಿನ ಕೊಳವೆ, ಕಾರು ಕೊಂಡ ಮೇಲೆ ಕೂರಿಸಿದ ಪಾರ್ಕಿಂಗ್ ಸೆನ್ಸರಿನ ತಂತಿಯ ತೂತು. ಕಾರು ಹಿಂದಿನಿಂದ ಗುದ್ದಿಸಿಕೊಂಡು ರಿಪೇರಿ ಕಂಡಿದ್ದರೆ ತಗಡಿನ ಜೋಡಣೆಗಳನ್ನು ಮೊದಲೇ ನೋಡಿ.

ಛಾವಣಿಯ ಎರಡು ಬದಿಯ ಕಾಲುವೆಯಲ್ಲೋ ಹಿಂದಿನ ಮೂಲೆಯಲ್ಲೋ ಹಳೆಯ ಸೀಲಂಟ್ ಬಿರಿದಿದ್ದರೆ ಅದರ ಮೇಲೆಯೇ ಹೊಸದನ್ನು ಮೆತ್ತುವುದು ವ್ಯರ್ಥ. ಬಿರುಕು ಬಿಟ್ಟದ್ದನ್ನು ಪೂರ್ತಿ ಕೆರೆದು, ತುಕ್ಕಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿ, ಬರಿಯ ತಗಡಿಗೆ ಪ್ರೈಮರ್ ಹೊಡೆದು, ಆಮೇಲೆ ಪಾಲಿಯುರೇಥೇನ್ ಸೀಲಂಟ್ ಹಚ್ಚಿ. ಅದು ಗಾಳಿಯ ತೇವವನ್ನೇ ಹೀರಿ ಗಟ್ಟಿಯಾಗುವುದರಿಂದ ನಮ್ಮ ಪುನರ್ವಸು, ಪುಷ್ಯ ಮಳೆಯ ಹವೆ ಅಡ್ಡಿಯಲ್ಲ. ಹಚ್ಚುವ ಜಾಗ ಮಾತ್ರ ಒಣಗಿರಬೇಕು. ಒಂದು ದಿನ ಸೂರಿನಡಿ ಬಿಡಿ. ವಿನೆಗರ್ ವಾಸನೆಯ ಬಚ್ಚಲುಮನೆ ಸಿಲಿಕೋನ್ ಖಂಡಿತ ಬೇಡ. ಅದರ ಆಮ್ಲ ತಗಡನ್ನು ತಿನ್ನುತ್ತದೆ, ಅದರ ಮೇಲೆ ಬಣ್ಣವೂ ಹಿಡಿಯುವುದಿಲ್ಲ. ಗಟ್ಟಿಯಾಗುವ ಎಪಾಕ್ಸಿ ಅಂಟೂ ಸಲ್ಲದು. ಹೊಂಡದ ರಸ್ತೆಯಲ್ಲಿ ಬಾಡಿ ತಿರುಚಿದಾಗ ಅದು ಬಿರಿಯುತ್ತದೆ.

ನೀರು ಇಳಿದುಹೋಗಲೆಂದು ಗುಳಿಗೆ ತೂತು ಕೊರೆಯುವವರಿದ್ದಾರೆ. ಆ ತೂತಿನಿಂದ ರಸ್ತೆಯ ಕೆಸರು ಮೇಲೆ ಬರುತ್ತದೆ, ಅಂಚಿನಿಂದ ತುಕ್ಕು ಹಬ್ಬುತ್ತದೆ. ದಯವಿಟ್ಟು ಮಾಡಬೇಡಿ.

ಮ್ಯಾಟಿನಡಿಯ ಫೋಮ್ ನೀರು ಹೀರಿದರೆ ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಕಾರಿನಲ್ಲೇ ಒಣಗಿಸುವ ಆಸೆ ಬಿಟ್ಟು ಹೊರಗೆ ತನ್ನಿ. ಬಿಸಿಲಿಲ್ಲದ ದಿನಗಳಲ್ಲಿ ಹಂಡೆಯೊಲೆ ಇರುವ ಬಚ್ಚಲುಮನೆಯಲ್ಲಿ, ಬೆಂಕಿಯಿಂದ ದೂರವಾಗಿ, ಗಳುವಿನ ಮೇಲೆ ನೇತುಹಾಕಿ. ಮ್ಯಾಟನ್ನು ಒಡನೆಯೇ ಮರಳಿ ಹಾಸಬೇಡಿ. ಗುಳಿಯಲ್ಲೂ ಎರಡು ಮೂಲೆಗಳಲ್ಲೂ ಹಳೆಯ ಪತ್ರಿಕೆಯ ಹಾಳೆಗಳನ್ನು ಹರಡಿ, ಒಂದು ಜೋರು ಮಳೆಯಲ್ಲಿ ಕಾರನ್ನು ಹೊರಗೆ ನಿಲ್ಲಿಸಿ, ಒದ್ದೆ ರಸ್ತೆಯಲ್ಲೂ ಒಂದು ಸುತ್ತು ಓಡಿಸಿ ಬನ್ನಿ. ಹಾಳೆಗಳು ಒಣಗಿಯೇ ಇದ್ದರೆ ಸ್ಟೆಪ್ನಿ ಇಟ್ಟು ಬಿಗಿಮಾಡಿ. ಯಾವುದಾದರೂ ಮೂಲೆಯಲ್ಲಿ ಒದ್ದೆಯ ಕಲೆ ಕಂಡರೆ ಆ ಬದಿಗೆ ಮತ್ತೆ ಪೈಪು ಹಿಡಿಯಿರಿ. ಎರಡು ಕಡೆಯಿಂದ ಸೋರುವ ಕಾರುಗಳು ಅಪರೂಪವೇನಲ್ಲ.